ನೆನಪಾಯಿತೋ, ನೆನಪಿಸಿತೋ, ನೆನಪಿಸಿಕೊಂಡಿರೋ: ‘ಬ್ರಿಂಗ್ ಬ್ಯಾಕ್’ ಬಳಸುವ ಬಗೆ

“ಐ ಬ್ರಾಟ್ ಬ್ಯಾಕ್ ಮೈ ಕಾಲೇಜ್ ಡೇಸ್.” ಹಳೆಯ ಗ್ರೂಪ್ ಫೋಟೋ ಹಾಕಿ ಅದರ ಕೆಳಗೆ ಹೀಗೆ ಬರೆದರೆ, ಬರೆದವರ ಮನಸ್ಸಿನಲ್ಲಿರುವುದು ‘ಕಾಲೇಜಿನ ದಿನಗಳನ್ನು ನೆನಪಿಸಿಕೊಂಡೆ’ ಎಂಬ ಮಾತು. ಇಂಗ್ಲಿಷ್ ಬಲ್ಲವರಿಗೆ ಕೇಳಿಸುವುದು ‘ಕಾಲೇಜಿನ ದಿನಗಳನ್ನೇ ವಾಪಸ್ ತಂದುಬಿಟ್ಟೆ’ ಎಂದು. ಒಂದೊಂದು ಪದವೂ ಸರಿಯಾಗಿದೆ, ಭೂತಕಾಲವೂ ಸರಿ. ತಪ್ಪಿರುವುದು ಕರ್ತೃ. ‘ಬ್ರಿಂಗ್ ಬ್ಯಾಕ್’ ನೆನಪಿನ ಅರ್ಥದಲ್ಲಿ ಬಂದಾಗ, ತರುವ ಕೆಲಸ ಮಾಡುವುದು ನೆನಪಿಸಿಕೊಳ್ಳುವ ಮನುಷ್ಯನಲ್ಲ. ಹಾಡು ತರುತ್ತದೆ, ವಾಸನೆ ತರುತ್ತದೆ, ಫೋಟೋ ತರುತ್ತದೆ, ಊರು ತರುತ್ತದೆ.

ಈ ವ್ಯತ್ಯಾಸ ಕನ್ನಡಿಗರಿಗೆ ಹೊಸದೇನಲ್ಲ. ನಮ್ಮಲ್ಲಿ ಇದಕ್ಕೆ ಮೂರು ಬೇರೆ ಬೇರೆ ಕ್ರಿಯಾಪದಗಳೇ ಇವೆ. ‘ನನಗೆ ಅಜ್ಜಿ ನೆನಪಾದಳು’ ಎಂದಾಗ ಯಾರೂ ಏನೂ ಮಾಡಿಲ್ಲ, ನೆನಪು ತಾನಾಗಿ ಬಂತು. ‘ಈ ಹಾಡು ಅಜ್ಜಿಯನ್ನು ನೆನಪಿಸಿತು’ ಎಂದಾಗ ಹಾಡು ಕೆಲಸ ಮಾಡಿತು. ‘ನಾನು ಅಜ್ಜಿಯನ್ನು ನೆನಪಿಸಿಕೊಂಡೆ’ ಎಂದಾಗ ನಾನು ಬೇಕೆಂದೇ ಮನಸ್ಸನ್ನು ಅತ್ತ ಹರಿಸಿದೆ. ಆಗು, ಇಸು, ಕೊಳ್ಳು ಎಂಬ ಈ ಮೂರು ಬಾಲಗಳಲ್ಲಿ ಕನ್ನಡ ಮಾಡುವ ಕೆಲಸವನ್ನು ಇಂಗ್ಲಿಷ್ ಮೂರು ಬೇರೆ ಫ್ರೇಸಲ್ ವರ್ಬ್‌ಗಳಲ್ಲಿ ಮಾಡುತ್ತದೆ. ನೆನಪಾಗು ಎಂಬುದಕ್ಕೆ ‘ಕಮ್ ಬ್ಯಾಕ್’, ನೆನಪಿಸು ಎಂಬುದಕ್ಕೆ ‘ಬ್ರಿಂಗ್ ಬ್ಯಾಕ್’, ನೆನಪಿಸಿಕೊಳ್ಳು ಎಂಬುದಕ್ಕೆ ‘ಥಿಂಕ್ ಬ್ಯಾಕ್’. ಬರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು, ಬಾಲ ಯಾವುದೆಂದು ನೋಡಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಕ್ರಿಯಾಪದದ ಪಕ್ಕ ಒಂದು ಪುಟ್ಟ ಪದ ನಿಲ್ಲಿಸಿ ಅರ್ಥವನ್ನೇ ಬದಲಿಸುವ ಇಂಗ್ಲಿಷಿನ ಈ ಪದ್ಧತಿ ಹೊರಗಿನವರಿಗೆ ಭಾರಿ ಕಷ್ಟ ಎಂದು ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದ. ಆದರೆ ‘ಬ್ರಿಂಗ್ ಬ್ಯಾಕ್’ ಮಟ್ಟಿಗೆ ಅಷ್ಟು ಹೆದರಬೇಕಿಲ್ಲ. ಅದರ ಎಲ್ಲ ಅರ್ಥಗಳೂ ಒಂದೇ ಬೇರಿನಿಂದ ಹೊರಟಿವೆ. ಆ ಬೇರನ್ನು ಹಿಡಿದರೆ ನೆನಪಿನ ಅರ್ಥ ತಾನಾಗಿ ಕೈಗೆ ಸಿಗುತ್ತದೆ.

ಬೇರು ಎಂದರೆ ‘ತಗೊಂಡು ಬಾ’. ಕನ್ನಡದ ಮಾತಿನಲ್ಲಿ ‘ತಗೊಂಡು ಬಾ’ ಮತ್ತು ‘ತಗೊಂಡು ಹೋಗು’ ಎಂದು ನಾವು ದಿಕ್ಕನ್ನು ಒಡೆದೇ ಹೇಳುತ್ತೇವೆ. ಮಾತಾಡುವವನ ಕಡೆಗಾದರೆ ಬಾ, ಅವನಿಂದ ಆಚೆಗಾದರೆ ಹೋಗು. ಇಂಗ್ಲಿಷಿನಲ್ಲಿ ಮೊದಲನೆಯದು ‘ಬ್ರಿಂಗ್’, ಎರಡನೆಯದು ‘ಟೇಕ್’. ‘ಬ್ಯಾಕ್’ ಎಂಬುದು ಮೊದಲಿದ್ದ ಜಾಗಕ್ಕೆ ಮರಳುವುದನ್ನು ಸೂಚಿಸುತ್ತದೆ. “ಬ್ರಿಂಗ್ ಬ್ಯಾಕ್ ಮೈ ಅಂಬ್ರೆಲಾ” ಎಂದರೆ ನನ್ನ ಕೊಡೆಯನ್ನು ನನ್ನ ಹತ್ತಿರ ವಾಪಸ್ ತಾ. ಲೈಬ್ರರಿಯ ಪುಸ್ತಕವನ್ನು ಮನೆಯಿಂದ ಹೊರಟು ಹಿಂದಿರುಗಿಸುವಾಗ “ಐ ವಿಲ್ ಟೇಕ್ ದಿ ಬುಕ್ ಬ್ಯಾಕ್”. ಅದೇ ಮಾತನ್ನು ಲೈಬ್ರರಿಯಲ್ಲೇ ನಿಂತು ಅಲ್ಲಿಯವರಿಗೆ ಹೇಳುವಾಗ “ಐ ವಿಲ್ ಬ್ರಿಂಗ್ ದಿ ಬುಕ್ ಬ್ಯಾಕ್”. ಈ ದಿಕ್ಕಿನ ವಿಷಯವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೋದ ಜಾಗದಿಂದ ಏನನ್ನಾದರೂ ತರುವುದೂ ‘ಬ್ರಿಂಗ್ ಬ್ಯಾಕ್’. ಇಲ್ಲಿ ವಸ್ತು ಮೊದಲು ನಮ್ಮಲ್ಲಿ ಇದ್ದಿರಬೇಕೆಂದಿಲ್ಲ, ಹಿಂದಿರುಗುವುದು ಮನುಷ್ಯ. 1969ರಿಂದ 1972ರವರೆಗೆ ಅಪೋಲೋ ಗಗನಯಾತ್ರಿಗಳು ಆರು ಸಲ ಚಂದ್ರನ ಮೇಲಿಳಿದು ಒಟ್ಟು 382 ಕಿಲೋ ಕಲ್ಲು ಮಣ್ಣು ತಂದರು. ಅದು “ಬ್ರಾಟ್ ಬ್ಯಾಕ್”. ಕಾಶಿಗೆ ಹೋದವರು ಗಂಗಾಜಲದ ತಂಬಿಗೆ ತರುವುದೂ “ಬ್ರಾಟ್ ಬ್ಯಾಕ್”.

ಇಲ್ಲಿಂದ ಅರ್ಥ ಸ್ವಲ್ಪ ಹಿಗ್ಗುತ್ತದೆ. ಒಮ್ಮೆ ಇದ್ದು ಇಲ್ಲವಾದದ್ದನ್ನು ಮತ್ತೆ ಚಾಲ್ತಿಗೆ ತರುವುದು. 1952ರಲ್ಲಿ ಭಾರತದಲ್ಲಿ ಅಳಿದುಹೋಯಿತೆಂದು ಸಾರಲಾದ ಚೀತಾ, 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ಬಂದಿಳಿಯಿತು, ಒಟ್ಟು ಎಂಟು. “ಇಂಡಿಯಾ ಬ್ರಾಟ್ ಬ್ಯಾಕ್ ದಿ ಚೀತಾ” ಎಂದು ಹೇಳಬಹುದು. ಬಂದ ಎಂಟು ಚೀತಾಗಳು ಹಿಂದೆ ಇಲ್ಲಿದ್ದವಲ್ಲ, ಆದರೂ ಜಾತಿ ಮರಳಿತಲ್ಲ, ಅಷ್ಟು ಸಾಕು. ಫಿಲಿಪ್ಪೀನ್ಸ್ ಮರಣದಂಡನೆಯನ್ನು 1987ರಲ್ಲಿ ತೆಗೆದು, 1993ರಲ್ಲಿ “ಬ್ರಾಟ್ ಬ್ಯಾಕ್” ಮಾಡಿ, 2006ರಲ್ಲಿ ಮತ್ತೆ ತೆಗೆಯಿತು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ಸರ್ಕಾರಿ ನೌಕರರ ಬೇಡಿಕೆಯನ್ನು ಇಂಗ್ಲಿಷಿನಲ್ಲಿ ಬರೆದರೂ ಇದೇ ಕ್ರಿಯಾಪದ: “ಬ್ರಿಂಗ್ ಬ್ಯಾಕ್ ದಿ ಓಲ್ಡ್ ಪೆನ್ಶನ್ ಸ್ಕೀಮ್.” ನಿಂತ ಹೃದಯವನ್ನು ವೈದ್ಯರು ಮತ್ತೆ ಬಡಿಯುವಂತೆ ಮಾಡಿದರೆ “ದಿ ಡಾಕ್ಟರ್ಸ್ ಬ್ರಾಟ್ ಹಿಮ್ ಬ್ಯಾಕ್”. ಸಾವಿನ ಮನೆಯಲ್ಲಿ “ನಥಿಂಗ್ ವಿಲ್ ಬ್ರಿಂಗ್ ಹಿಮ್ ಬ್ಯಾಕ್” ಎಂಬ ಮಾತು ಕೇಳಿಬರುವುದು ಇದೇ ಅರ್ಥದ ಇನ್ನೊಂದು ತುದಿ.

ನೆನಪಿನ ಅರ್ಥ ಹುಟ್ಟುವುದು ಇಲ್ಲೇ. ಕಳೆದುಹೋದ ಒಂದು ಕಾಲವನ್ನೋ ಮನುಷ್ಯನನ್ನೋ ಯಾವುದೋ ಒಂದು ವಸ್ತು ನಮ್ಮ ಮನಸ್ಸಿಗೆ ಮರಳಿ ತಂದಿಟ್ಟಿತು. “ದಿ ಸ್ಮೆಲ್ ಆಫ್ ವೆಟ್ ಅರ್ತ್ ಬ್ರಿಂಗ್ಸ್ ಬ್ಯಾಕ್ ಮೈ ಚೈಲ್ಡ್‌ಹುಡ್” ಎಂದರೆ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ನನಗೆ ಬಾಲ್ಯ ನೆನಪಾಗುತ್ತದೆ. ಈ ಕ್ರಿಯಾಪದಕ್ಕೆ ವಾಸನೆ ಪದೇ ಪದೇ ಕರ್ತೃವಾಗಿ ಬರುವುದಕ್ಕೆ ದೇಹದಲ್ಲೇ ಕಾರಣವಿದೆ. ಕಣ್ಣು, ಕಿವಿ, ಚರ್ಮದಿಂದ ಹೊರಟ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾಯ್ದು ಮುಂದೆ ಹೋಗುತ್ತವೆ. ಮೂಗಿನ ಸಂಕೇತ ಹಾಗೆ ಬಳಸಿಕೊಂಡು ಹೋಗದೆ, ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಹತ್ತಿರದ ದಾರಿಯಲ್ಲಿ ಮುಟ್ಟುತ್ತದೆ. ಒಗ್ಗರಣೆಯ ಇಂಗಿನ ಘಮಕ್ಕೆ ಇಡೀ ಅಡುಗೆಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದಲ್ಲ, ಆ ಅನುಭವಕ್ಕೆ ಇಂಗ್ಲಿಷಿನಲ್ಲಿ ತಕ್ಕ ಮಾತು “ಇಟ್ ಬ್ರಾಟ್ ಇಟ್ ಆಲ್ ಬ್ಯಾಕ್”.

ಈಗ ಆ ಫೋಟೋದ ಸಾಲನ್ನು ಸರಿಪಡಿಸೋಣ. “ದಿಸ್ ಫೋಟೋ ಬ್ರಿಂಗ್ಸ್ ಬ್ಯಾಕ್ ಮೈ ಕಾಲೇಜ್ ಡೇಸ್” ಎಂದರೆ ಸರಿ. ‘ನಾನು’ ಎಂದೇ ಶುರುಮಾಡಬೇಕಿದ್ದರೆ “ಐ ಥಾಟ್ ಬ್ಯಾಕ್ ಟು ಮೈ ಕಾಲೇಜ್ ಡೇಸ್”. ಆದರೆ “ಐ ವಿಶ್ ಐ ಕುಡ್ ಬ್ರಿಂಗ್ ದೋಸ್ ಡೇಸ್ ಬ್ಯಾಕ್” ಎಂಬ ವಾಕ್ಯವೂ ಸರಿಯೇ. ಅಲ್ಲಿ ‘ನಾನು’ ಕರ್ತೃವಾಗಿದ್ದೂ ಹೇಗೆ ಸರಿ? ಅಲ್ಲಿರುವುದು ನೆನಪಿನ ಅರ್ಥವಲ್ಲ, ಚೀತಾದ ಅರ್ಥ: ಆ ದಿನಗಳನ್ನೇ ಮರಳಿಸುವಂತಿದ್ದರೆ ಎಂಬ ಹಂಬಲ. ನೆನಪಿಸಿಕೊಳ್ಳುವ ಮನುಷ್ಯನೇ ಕರ್ತೃವಾದ ಕೂಡಲೇ ಅರ್ಥ ನೆನಪಿನಿಂದ ಜಾರಿ ‘ಮತ್ತೆ ತರು’ ಎಂಬ ಕಡೆ ಹೋಗುತ್ತದೆ. “ಶಿ ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್” ಎಂದರೂ ಅವಳು ನೆನಪಿಸಿಕೊಳ್ಳುತ್ತಿದ್ದಾಳೆ ಎಂದಲ್ಲ, ಅವಳನ್ನು ಕಂಡರೆ ನೆನಪು ಬರುತ್ತದೆ ಎಂದರ್ಥ. ಬಿಕ್ಕಳಿಕೆ ಬಂದಾಗ ‘ಯಾರೋ ನೆನೆಸ್ಕೊಳ್ತಿದಾರೆ’ ಅನ್ನುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ “ಸಮ್‌ವನ್ ಈಸ್ ಥಿಂಕಿಂಗ್ ಆಫ್ ಮಿ” ಎನ್ನಬೇಕು. ‘ಬ್ರಿಂಗ್ ಬ್ಯಾಕ್’ ಅಲ್ಲಿ ಕಾಲಿಡಲು ಜಾಗವೇ ಇಲ್ಲ.

ಕರ್ಮದ ಜಾಗದಲ್ಲೂ ಎಡವುವವರಿದ್ದಾರೆ. ನೆನಪುಗಳು ಎನ್ನಲು ಬಹುವಚನದ ‘ಮೆಮೊರೀಸ್’ ಬೇಕು. “ದಿ ಸಾಂಗ್ ಬ್ರಾಟ್ ಬ್ಯಾಕ್ ಮೈ ಮೆಮೊರಿ” ಎಂದು ಏಕವಚನದಲ್ಲಿ ಬರೆದರೆ, ತಲೆಗೆ ಪೆಟ್ಟು ಬಿದ್ದು ಹೋಗಿದ್ದ ಜ್ಞಾಪಕಶಕ್ತಿ ಹಾಡು ಕೇಳಿ ವಾಪಸ್ ಬಂತು ಎಂದಾಗುತ್ತದೆ. ಕನ್ನಡದಲ್ಲಿ ‘ನೆನಪು’ ಎಂಬ ಒಂದೇ ಪದ ಒಂದು ನೆನಪಿಗೂ ನೆನಪಿನ ಶಕ್ತಿಗೂ ಸಲ್ಲುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಒಂದೇ ಒಂದು ನೆನಪಾದರೆ “ಎ ಮೆಮೊರಿ”, ನಿರ್ದಿಷ್ಟವಾದುದಾದರೆ “ದಿ ಮೆಮೊರಿ ಆಫ್” ಎಂದು ಸೇರಿಸಿ ಏನೆಂದು ಹೇಳಬೇಕು. ಯಾವುದರ ನೆನಪು ಎನ್ನಲು ‘ಆಫ್’ ಬಳಸಿ: “ಮೆಮೊರೀಸ್ ಆಫ್ ಮೈ ಸ್ಕೂಲ್”. ಕನ್ನಡದ ‘ಬಗ್ಗೆ’ಯನ್ನು ಹಿಡಿದುಕೊಂಡು ‘ಅಬೌಟ್’ ಹಾಕುವುದು ಬೇಡ. ಯಾರಿಗೆ ನೆನಪು ಬಂತು ಎನ್ನಲು ‘ಫಾರ್’: “ಇಟ್ ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್ ಫಾರ್ ಮಿ.” ನಮ್ಮ ‘ನನಗೆ’ ಎಂಬ ಚತುರ್ಥೀ ವಿಭಕ್ತಿ ‘ಟು ಮಿ’ ಎಂದು ಬರೆಸುತ್ತದೆ, ಆದರೆ ‘ಮೆಮೊರೀಸ್’ ಜೊತೆಗೆ ಅದು ಚೆನ್ನಾಗಿ ಕೂರುವುದಿಲ್ಲ. “ಬ್ರಾಟ್ ಇಟ್ ಆಲ್ ಬ್ಯಾಕ್ ಟು ಮಿ” ಎಂಬಲ್ಲಿ ಮಾತ್ರ ‘ಟು’ ಹೊಂದುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಯಾರಿಗೆ ಎಂದು ಹೇಳುವ ಅಗತ್ಯವೇ ಇರುವುದಿಲ್ಲ. “ದಟ್ ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್!” ಎಂದರೆ ಹೇಳಿದವನಿಗೇ ಎಂದು ಎಲ್ಲರಿಗೂ ಗೊತ್ತು.

ಪದಗಳ ಕ್ರಮದಲ್ಲಿ ಒಂದೇ ಒಂದು ಗಟ್ಟಿ ನಿಯಮವಿದೆ. ಕರ್ಮ ಸರ್ವನಾಮವಾದರೆ ಅದು ‘ಬ್ರಿಂಗ್’ ಮತ್ತು ‘ಬ್ಯಾಕ್’ ನಡುವೆಯೇ ಬರಬೇಕು: “ಬ್ರಿಂಗ್ ಇಟ್ ಬ್ಯಾಕ್”, “ಬ್ರಿಂಗ್ ದೆಮ್ ಬ್ಯಾಕ್”. “ಬ್ರಿಂಗ್ ಬ್ಯಾಕ್ ಇಟ್” ಎಂಬುದು ಪರೀಕ್ಷೆಯಲ್ಲೂ ತಪ್ಪು, ಮಾತಿನಲ್ಲೂ ತಪ್ಪು. ‘ಆಲ್’ ಸೇರಿದರೆ ಅದೂ ಸರ್ವನಾಮದ ಬೆನ್ನಿಗೆ, ನಡುವೆಯೇ. ಕರ್ಮ ನಾಮಪದವಾದರೆ ಎರಡೂ ಕಡೆ ಇಡಬಹುದು, ಆದರೆ ಉದ್ದವಾದಷ್ಟೂ ಕೊನೆಗೆ ತಳ್ಳುವುದು ಒಳ್ಳೆಯದು. “ಬ್ರಿಂಗ್ ದಿ ಮೆಮೊರೀಸ್ ಆಫ್ ದಿ ಸಮರ್ ವಿ ಸ್ಪೆಂಟ್ ಇನ್ ಶಿರಸಿ ಬ್ಯಾಕ್” ಎಂದರೆ ಕೇಳುವವನು ‘ಬ್ಯಾಕ್’ಗಾಗಿ ಕಾದು ಸುಸ್ತಾಗುತ್ತಾನೆ. 2014ರ ಏಪ್ರಿಲ್ 14ರ ರಾತ್ರಿ ನೈಜೀರಿಯಾದ ಚಿಬೊಕ್ ಊರಿನ ಶಾಲೆಯಿಂದ 276 ಹುಡುಗಿಯರನ್ನು ಅಪಹರಿಸಿದಾಗ ಲೋಕವೆಲ್ಲ ಕೂಗಿದ ಘೋಷಣೆ “ಬ್ರಿಂಗ್ ಬ್ಯಾಕ್ ಅವರ್ ಗರ್ಲ್ಸ್” ಎಂದಿತ್ತು. “ಬ್ರಿಂಗ್ ಅವರ್ ಗರ್ಲ್ಸ್ ಬ್ಯಾಕ್” ಎಂದೂ ಹೇಳಬಹುದಿತ್ತು, ವ್ಯಾಕರಣ ತಡೆಯುತ್ತಿರಲಿಲ್ಲ. ‘ಗರ್ಲ್ಸ್’ ಕೊನೆಗೆ ಬಂದದ್ದರಿಂದ ಮಾತಿನ ಭಾರವೆಲ್ಲ ಆ ಮಕ್ಕಳ ಮೇಲೆ ಬಿತ್ತು. ನೆನಪಿನ ಅರ್ಥದಲ್ಲೂ ಅಷ್ಟೇ: ‘ಮೆಮೊರೀಸ್’ ಎಂಬ ಪದ ಬಹುಮಟ್ಟಿಗೆ ‘ಬ್ಯಾಕ್’ ಆದಮೇಲೆಯೇ ಬರುತ್ತದೆ.

ದಿಕ್ಕಿನ ಮಾತು ಈಗ ಕೆಲಸಕ್ಕೆ ಬರುತ್ತದೆ. “ದಿಸ್ ಸಾಂಗ್ ಬ್ರಿಂಗ್ಸ್ ಬ್ಯಾಕ್ ಮೈ ಸ್ಕೂಲ್ ಡೇಸ್” ಮತ್ತು “ದಿಸ್ ಸಾಂಗ್ ಟೇಕ್ಸ್ ಮಿ ಬ್ಯಾಕ್ ಟು ಮೈ ಸ್ಕೂಲ್ ಡೇಸ್” ಎರಡೂ ಒಂದೇ ಅನುಭವವನ್ನು ಹೇಳುತ್ತವೆ, ಎರಡು ಚಿತ್ರಗಳಲ್ಲಿ. ಮೊದಲನೆಯದರಲ್ಲಿ ನಾನು ಇಲ್ಲೇ ಇದ್ದೇನೆ, ಆ ದಿನಗಳು ನನ್ನ ಬಳಿ ಬಂದವು. ಎರಡನೆಯದರಲ್ಲಿ ದಿನಗಳು ಅಲ್ಲೇ ಇವೆ, ಹಾಡು ನನ್ನನ್ನು ಅಲ್ಲಿಗೆ ಕರೆದೊಯ್ದಿತು. ಹಾಗಾಗಿ ‘ಬ್ರಿಂಗ್ ಬ್ಯಾಕ್’ನ ಕರ್ಮ ಕಾಲ ಅಥವಾ ನೆನಪು, ‘ಟೇಕ್ ಬ್ಯಾಕ್’ನ ಕರ್ಮ ಮನುಷ್ಯ. “ಬ್ರಿಂಗ್ಸ್ ಮಿ ಬ್ಯಾಕ್ ಟು” ಎಂದು ಬೆರೆಸಿ ಹೇಳುವವರು ಇಂಗ್ಲಿಷ್ ಮಾತೃಭಾಷೆಯವರಲ್ಲೂ ಇದ್ದಾರೆ, ತಪ್ಪೆನ್ನಲಾಗದು. ಆದರೆ ಕಲಿಯುವವರಿಗೆ ‘ಟೇಕ್ಸ್ ಮಿ ಬ್ಯಾಕ್’ ಹೆಚ್ಚು ಭದ್ರ. ಇಲ್ಲಿ ಮನುಷ್ಯ ನಡುವೆ ಇರಲೇಬೇಕು. ಮನುಷ್ಯನನ್ನು ಬಿಟ್ಟು “ಐ ಟೇಕ್ ಬ್ಯಾಕ್ ವಾಟ್ ಐ ಸೆಡ್” ಎಂದರೆ ಆಡಿದ ಮಾತನ್ನು ಹಿಂತೆಗೆದುಕೊಂಡಂತೆ. ಹಳೆಯದೇನನ್ನೋ ಕಂಡು ಬಾಯಿಂದ ಉದ್ಗಾರ ಹೊರಡುವಾಗ “ದಟ್ ಟೇಕ್ಸ್ ಮಿ ಬ್ಯಾಕ್!” ಎಂಬಷ್ಟೇ ಸಾಕು, ಎಲ್ಲಿಗೆ ಎಂದು ಹೇಳಬೇಕಿಲ್ಲ.

‘ಕಮ್ ಬ್ಯಾಕ್’ ಕನ್ನಡಿಗರಿಗೆ ಹೇಳಿ ಮಾಡಿಸಿದ ಮಾತು, ಆದರೂ ನಾವು ಅದನ್ನು ಬಳಸುವುದು ಕಡಿಮೆ. ಹೆಸರು ನಾಲಿಗೆ ತುದಿಯಲ್ಲಿದ್ದು ಬರದಿದ್ದಾಗ “ಐ ಆಮ್ ನಾಟ್ ಗೆಟ್ಟಿಂಗ್ ಹಿಸ್ ನೇಮ್” ಎನ್ನುತ್ತೇವೆ. ಭಾರತದೊಳಗೆ ಇದು ನಡೆಯುತ್ತದೆ, ಹೊರಗೆ ಕೇಳಿದವರು ತಬ್ಬಿಬ್ಬಾಗುತ್ತಾರೆ. “ಹಿಸ್ ನೇಮ್ ವಿಲ್ ಕಮ್ ಬ್ಯಾಕ್ ಟು ಮಿ” ಎಂದರೆ ‘ಅವನ ಹೆಸರು ನನಗೆ ನೆನಪಾಗುತ್ತೆ’ ಎಂಬುದರ ತದ್ರೂಪ. ಹೆಸರೇ ಕರ್ತೃ, ನಾನು ‘ಟು ಮಿ’. ಇಲ್ಲಿ ‘ಟು’ ಸಂಪೂರ್ಣ ಸರಿ.

‘ಥಿಂಕ್ ಬ್ಯಾಕ್’ ಎಂದರೆ ಪ್ರಯತ್ನಪಟ್ಟು ಮನಸ್ಸನ್ನು ಒಂದು ನಿರ್ದಿಷ್ಟ ಸಮಯಕ್ಕೆ ಒಯ್ಯುವುದು. “ಥಿಂಕ್ ಬ್ಯಾಕ್ ಟು ಲಾಸ್ಟ್ ಮಂಡೇ” ಎಂದು ತನಿಖಾಧಿಕಾರಿಯೋ ವೈದ್ಯರೋ ಕೇಳಬಹುದು. ‘ಲುಕ್ ಬ್ಯಾಕ್ ಆನ್’ ಇನ್ನೂ ಬೇರೆ. ಅದರಲ್ಲಿ ನೆನಪಿನ ಜೊತೆ ತೂಗಿ ನೋಡುವುದೂ ಸೇರಿದೆ, ನಮ್ಮ ಸಿಂಹಾವಲೋಕನದಂತೆ. ನಿವೃತ್ತಿಯ ದಿನದ ಭಾಷಣಕ್ಕೆ “ಲುಕಿಂಗ್ ಬ್ಯಾಕ್ ಆನ್ ಥರ್ಟಿ ಇಯರ್ಸ್” ಒಪ್ಪುತ್ತದೆ, ಕೀಲಿಕೈ ಎಲ್ಲಿಟ್ಟೆ ಎಂದು ಯೋಚಿಸುವಾಗ ಒಪ್ಪದು. ಪತ್ರಿಕೆಗಳು ಯಶಸ್ಸಿನ ಕಥೆಗಳಲ್ಲಿ ಬರೆಯುವ ‘ಅಲ್ಲಿಂದ ಹಿಂತಿರುಗಿ ನೋಡಲಿಲ್ಲ’ ಎಂಬುದಕ್ಕೆ ಸಾಟಿಯಾದ ‘ನೆವರ್ ಲುಕ್ಡ್ ಬ್ಯಾಕ್’ಗೆ ನೆನಪಿನ ಸಂಬಂಧವೇ ಇಲ್ಲ, ಅದು ಬರಿಯ ಏಳಿಗೆಯ ಮಾತು.

‘ರಿಮೈಂಡ್’ ಫ್ರೇಸಲ್ ವರ್ಬ್ ಅಲ್ಲದಿದ್ದರೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ‘ನಾಳೆ ನನಗೆ ನೆನಪು ಮಾಡಿ’ ಎನ್ನಲು “ಪ್ಲೀಸ್ ರಿಮೆಂಬರ್ ಮಿ ಟುಮಾರೋ” ಎಂದು ಬರೆದ ಆಫೀಸ್ ಮೆಸೇಜುಗಳುಂಟು. ಅದರ ಅರ್ಥ ‘ನಾಳೆ ನನ್ನನ್ನು ನೆನೆಯಿರಿ’ ಎಂದಾಗುತ್ತದೆ. ಬೇಕಾದದ್ದು “ರಿಮೈಂಡ್ ಮಿ ಟುಮಾರೋ”. ಮಾಡಬೇಕಾದ ಕೆಲಸವನ್ನು ಜ್ಞಾಪಿಸುವುದಕ್ಕೆ ‘ರಿಮೈಂಡ್’, ಕಳೆದ ಕಾಲದ ಭಾವನೆಯನ್ನು ಮರಳಿಸುವುದಕ್ಕೆ ‘ಬ್ರಿಂಗ್ ಬ್ಯಾಕ್’. ಕರೆಂಟ್ ಬಿಲ್ ಕಟ್ಟುವ ವಿಷಯದಲ್ಲಿ ‘ಬ್ರಿಂಗ್ ಬ್ಯಾಕ್’ ಬರುವುದೇ ಇಲ್ಲ. ಒಬ್ಬರಲ್ಲಿ ಇನ್ನೊಬ್ಬರ ಹೋಲಿಕೆ ಕಂಡಾಗಲೂ “ಶಿ ರಿಮೈಂಡ್ಸ್ ಮಿ ಆಫ್ ಮೈ ಅಕ್ಕ” ಎಂದೇ ಹೇಳಬೇಕು. “ಶಿ ಬ್ರಿಂಗ್ಸ್ ಬ್ಯಾಕ್ ಮೈ ಅಕ್ಕ” ಎಂದರೆ ಅಕ್ಕನನ್ನು ಎಲ್ಲಿಂದಲೋ ಕರೆತಂದಂತಾಗುತ್ತದೆ. ‘ರಿಕಾಲ್ ಬ್ಯಾಕ್’, ‘ರಿಮೈಂಡ್ ಬ್ಯಾಕ್’ ಎಂದು ‘ಬ್ಯಾಕ್’ ಅಂಟಿಸುವುದು ಬೇಡ, ಆ ಪದಗಳ ಮೊದಲಿನ ‘ರಿ’ ಆಗಲೇ ಆ ಕೆಲಸ ಮಾಡಿಯಾಗಿದೆ.

ಭೂತಕಾಲದಲ್ಲಿ ಕಾದಿರುವ ಹಳ್ಳ ಬೇರೆ. ‘ಬ್ರಿಂಗ್’ನ ಭೂತರೂಪ ‘ಬ್ರಾಟ್’, ‘ಬೈ’ ಎಂಬ ಕೊಳ್ಳುವ ಕ್ರಿಯೆಯದು ‘ಬಾಟ್’. ಇಂಗ್ಲಿಷ್ ಬರಹದಲ್ಲಿ ಎರಡಕ್ಕೂ ಒಂದೇ ಅಕ್ಷರದ ಅಂತರ, ‘ಆರ್’ ಮಾತ್ರ. ಅದು ಬಿಟ್ಟುಹೋದರೆ ನೆನಪುಗಳನ್ನು ದುಡ್ಡು ಕೊಟ್ಟು ಮರಳಿ ಕೊಂಡಂತಾಗುತ್ತದೆ. ‘ಬಾಟ್ ಬ್ಯಾಕ್’ ನಿಜವಾಗಿ ಸಲ್ಲುವುದು ಷೇರುಪೇಟೆಗೆ: 2017ರಲ್ಲಿ ಇನ್ಫೋಸಿಸ್ ತನ್ನದೇ ಷೇರುಗಳನ್ನು 13,000 ಕೋಟಿ ರೂಪಾಯಿಗೆ ಮರುಖರೀದಿ ಮಾಡಿತಲ್ಲ, ಅದು ‘ಬಾಟ್ ಬ್ಯಾಕ್’. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಈ ತಪ್ಪನ್ನು ಹಿಡಿಯದೇ ಹೋಗಬಹುದು, ಎರಡೂ ಸರಿಯಾದ ಪದಗಳೇ ಆದ್ದರಿಂದ. ಕಣ್ಣಿಂದಲೇ ನೋಡಬೇಕು.

ಉಚ್ಚಾರಣೆಯಲ್ಲಿ ‘ಬ್ರಿಂಗ್’ನ ಕೊನೆಯ ಗ್ ಬಿಟ್ಟು ಹೇಳಬೇಕು. ಕ ಖ ಗ ಘ ಙ ಎಂದು ಒಂದನೇ ಕ್ಲಾಸಿನಲ್ಲಿ ಹೇಳಿ ಮತ್ತೆಂದೂ ಬರೆಯದೆ ಬಿಟ್ಟ ಆ ‘ಙ’ ಇಲ್ಲಿ ಕೆಲಸಕ್ಕೆ ಬರುತ್ತದೆ: ಬ್ರಿಙ್. ‘ಅಂಗಳ’ ಎನ್ನಲು ಶುರುಮಾಡಿ ಗಕಾರಕ್ಕೆ ಮುಂಚೆ ನಿಲ್ಲಿಸಿದರೆ ಆ ಧ್ವನಿ ಬರುತ್ತದೆ. ‘ಬ್ರಿಂಗಿಂಗ್’ ಎಂಬಲ್ಲೂ ಎರಡೂ ಕಡೆ ಅದೇ. ಸರ್ವನಾಮ ನಡುವೆ ಬಂದಾಗ ಒತ್ತು ‘ಬ್ಯಾಕ್’ ಮೇಲೆ, ‘ಮೆಮೊರೀಸ್’ ಕೊನೆಗೆ ಬಂದಾಗ ಅದರ ಮೊದಲ ಅಕ್ಷರದ ಮೇಲೆ.

ಕಾಲದ ಬಗ್ಗೆ ಒಂದೇ ಮಾತು. ಯಾವಾಗ ಕೇಳಿದರೂ ನೆನಪು ತರುವ ಹಾಡಿಗೆ ‘ಬ್ರಿಂಗ್ಸ್ ಬ್ಯಾಕ್’. ಈಗ, ಕೇಳುತ್ತಿರುವಾಗಲೇ ಒಂದೊಂದಾಗಿ ನೆನಪಾಗುತ್ತಿದ್ದರೆ ‘ಈಸ್ ಬ್ರಿಂಗಿಂಗ್ ಬ್ಯಾಕ್’. ಎಲ್ಲದಕ್ಕೂ ‘ಇಂಗ್’ ಹಚ್ಚುವ ನಮ್ಮ ಅಭ್ಯಾಸ “ಆಲ್ವೇಸ್ ಬ್ರಿಂಗಿಂಗ್ ಬ್ಯಾಕ್” ಎಂದು ಬರೆಸುತ್ತದೆ. ಆಗ ಹಾಡು ನೆನಪು ತಂದು ತಂದು ಪೀಡಿಸುತ್ತಿದೆ ಎಂಬ ಬೇಸರದ ದನಿ ಹೊರಡುತ್ತದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೂ ಎಚ್ಚರ ಬೇಕು. ‘ಈ ಚಿತ್ರ ಹಳೆಯ ನೆನಪುಗಳನ್ನು ಮರಳಿ ತರುತ್ತದೆ’ ಎಂಬ ಸಾಲು ಜಾಹೀರಾತುಗಳಲ್ಲಿ ಓಡಾಡುತ್ತಿದೆ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ಇದನ್ನು ನೋಡಿದರೆ ಹಳೆಯದೆಲ್ಲ ನೆನಪಾಗುತ್ತೆ’ ಎನ್ನುತ್ತೇವೆ. ಸಿಹಿ ನೆನಪಾದರೆ ‘ಉಕ್ಕಿ ಬಂತು’, ನೋವಿನದಾದರೆ ‘ಮರುಕಳಿಸಿತು’, ದೃಶ್ಯವಾದರೆ ‘ಕಣ್ಣಿಗೆ ಕಟ್ಟಿತು’. ಇಂಗ್ಲಿಷಿನಲ್ಲಿ ಕರ್ತೃವಾಗಿದ್ದ ಫೋಟೋ ಕನ್ನಡಕ್ಕೆ ಬರುವಾಗ ‘ನೋಡಿದರೆ’ ಎಂಬುದರೊಳಗೆ ಸೇರಿಕೊಂಡು, ನೆನಪಾಗುವ ಕೆಲಸ ನೆನಪಿಗೇ ಉಳಿಯುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದೇ ದಾರಿಯಲ್ಲಿ ತಿರುಗಿ ನಡೆಯಬೇಕು. ‘ಅವಳ ದನಿ ಕೇಳಿದ ಕೂಡಲೇ ಎಲ್ಲ ನೆನಪಾಯಿತು’ ಎಂಬ ವಾಕ್ಯ ಸಿಕ್ಕರೆ, ‘ಕೇಳಿದ ಕೂಡಲೇ’ ಎಂಬುದರೊಳಗೆ ಅಡಗಿರುವ ದನಿಯನ್ನು ಹೊರಗೆಳೆದು ಮೊದಲಿಗೆ ನಿಲ್ಲಿಸಿ: “ಹರ್ ವಾಯ್ಸ್ ಬ್ರಾಟ್ ಇಟ್ ಆಲ್ ಬ್ಯಾಕ್.”